ಒಂದೇ ಪಂಕ್ತಿ, ಹಲವು ನಿಯಮ: ರಾಜ್ಯೋತ್ಸವದ ಊಟವನ್ನು ಹೇಗೆ ಏರ್ಪಡಿಸುವುದು?

ಬಡಾವಣೆ ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಒಂದು ಬಡಾವಣೆಯ ನಿವಾಸಿಗಳ ಸಂಘದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಪ್ರತಿ ವರ್ಷ ನವೆಂಬರ್ 1ರಂದು ಧ್ವಜಾರೋಹಣ ಮತ್ತು ಮಕ್ಕಳ ಕಾರ್ಯಕ್ರಮ ಮುಗಿದ ಮೇಲೆ ಎಲ್ಲ ಮನೆಯವರೂ ಒಟ್ಟಿಗೆ ಕುಳಿತು ಉಣ್ಣುವುದು ನಮ್ಮಲ್ಲಿ ನಡೆದುಬಂದಿದೆ. ಜೈನರು, ಮುಸ್ಲಿಮರು, ಮಾಧ್ವರು, ಲಿಂಗಾಯತರು, ಒಕ್ಕಲಿಗರು, ದಲಿತರು, ಕೊಡವರು, ಮಂಗಳೂರು ಕಡೆಯ ಕ್ರೈಸ್ತರು ಎಲ್ಲರೂ ಇರುವ ಬಡಾವಣೆ ನಮ್ಮದು. ಇದುವರೆಗೆ ಸಸ್ಯಾಹಾರದ ಒಂದೇ ಅಡುಗೆ ಮಾಡಿಸುತ್ತಿದ್ದೆವು. ಆದರೆ ಕಳೆದ ವರ್ಷ ಸಾರು, ಪಲ್ಯ ಎರಡರಲ್ಲಿಯೂ ಈರುಳ್ಳಿ ಇದ್ದುದರಿಂದ ಒಂದು ಜೈನ ಕುಟುಂಬದವರು ಬರಿಯ ಮೊಸರನ್ನ ಉಂಡು ಎದ್ದರು. ಈ ವರ್ಷ ಯುವಕರು ಬಾಡೂಟವೂ ಇರಲಿ ಎನ್ನುತ್ತಿದ್ದಾರೆ. ಮಾಂಸ ಎಂದ ಕೂಡಲೇ ಹಲಾಲ್ ಆಗಿರಬೇಕೆಂದು ಕೆಲವರು, ಹಲಾಲ್ ಆದರೆ ತಾವು ಮುಟ್ಟುವುದಿಲ್ಲವೆಂದು ಕೆಲವರು ಪಟ್ಟು ಹಿಡಿದರು. ಸಭೆ ಅಲ್ಲಿಗೆ ನಿಂತಿತು.

ಅತ್ಯಂತ ಕಟ್ಟುನಿಟ್ಟಿನ ನಿಯಮ ಯಾರದೋ ಅದಕ್ಕೆ ಎಲ್ಲರೂ ತಲೆಬಾಗುವುದೇ ಗೌರವವೇ? ನನಗೆ ಹಾಗೆ ತೋರುವುದಿಲ್ಲ. ನಿಯಮ ಅದನ್ನು ಹಿಡಿದವರಿಗೆ ಸೇರಿದ್ದು, ಅವರು ಅದನ್ನು ಮುರಿಯದೆ ಉಣ್ಣಲು ಅನುವು ಮಾಡಿಕೊಡುವುದಷ್ಟೇ ಕರೆದವರ ಹೊಣೆ ಎಂಬುದು ನನ್ನ ಎಣಿಕೆ. ಆದರೆ ಅದನ್ನು ಒಲೆಯ ಮುಂದೆ ಜಾರಿಗೆ ತರುವುದು ಹೇಗೆ ಎಂಬಲ್ಲಿ ಸಿಕ್ಕಿಬಿದ್ದಿದ್ದೇನೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಸರಳ ಸಂಗತಿ
ಇಷ್ಟೆಲ್ಲ ಚರ್ಚೆ ಏಕೆ? ಸಸ್ಯಾಹಾರ ಮಾಡಿಸಿ, ಅದನ್ನು ಉಣ್ಣಬಾರದು ಎಂಬ ಧರ್ಮ ಯಾವುದೂ ಇಲ್ಲ.

ಕೋಲಾರದ ಕಣಜ
ಮೇಲಿನವರ ಮಾತು ಕೇಳಲು ಸರಳವಾಗಿದೆ, ಆದರೆ ಪ್ರತಿ ಸಲವೂ ಬಿಟ್ಟುಕೊಡುವವರು ಯಾರು ಎಂಬುದನ್ನು ಅದು ಮರೆಮಾಡುತ್ತದೆ. ನಮ್ಮ ಮನೆಯಲ್ಲಿ ಹಬ್ಬವೆಂದರೆ ಬಾಡು. ಅದೇ ಬಾಡು ಸಾರ್ವಜನಿಕ ಪಂಕ್ತಿಗೆ ಬಂದರೆ ಮಾತ್ರ ಯಾರಿಗೋ ನೋವಾಗುತ್ತದೆ ಎನ್ನುವುದಾದರೆ, ನಾವು ಮನೆಯಲ್ಲಿ ಉಣ್ಣುವುದು ನಾಚಿಕೆಪಡುವ ವಸ್ತುವೆಂದು ನಮ್ಮ ಮಕ್ಕಳು ತಿಳಿಯಬೇಕಾಗುತ್ತದೆ. 2021ರ ಕೊನೆಯಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಸರ್ಕಾರ ಹೊರಟಾಗ ಹಲವು ಮಠಾಧೀಶರು ವಿರೋಧಿಸಿದ್ದು ನೆನಪಿರಬಹುದು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಮೊದಲ ದಿನದಿಂದಲೇ ಇತ್ತು. ಯಾರ ಬಾಯಿಗೂ ಯಾರೂ ಮೊಟ್ಟೆ ತುರುಕುತ್ತಿರಲಿಲ್ಲ. ಆದರೂ ಪಕ್ಕದ ಮಗು ತಿನ್ನುವುದೇ ತಪ್ಪು ಎಂಬ ವಾದ ನಡೆಯಿತು. ತಾನು ತಿನ್ನದಿರುವುದು ವ್ರತ, ಪಕ್ಕದವನು ತಿನ್ನಬಾರದು ಎನ್ನುವುದು ಅಧಿಕಾರ.

ಸರಳ ಸಂಗತಿ
ಸ್ವಾಮಿ, ಶಾಲೆಯಲ್ಲಿ ಇದ್ದದ್ದು ಪೌಷ್ಟಿಕತೆಯ ಪ್ರಶ್ನೆ. ಇಲ್ಲಿ ಒಂದು ಹೊತ್ತಿನ ಊಟ. ಒಂದು ದಿನ ಬಾಡಿಲ್ಲದಿದ್ದರೆ ಯಾರಿಗೂ ಏನೂ ಆಗುವುದಿಲ್ಲ.

ಕೋಲಾರದ ಕಣಜ
ಒಂದು ದಿನವಾದರೆ ನಾನೂ ಸುಮ್ಮನಿರುತ್ತಿದ್ದೆ. ಸಂಘದ ಊಟ, ಕಚೇರಿಯ ಊಟ, ಶಾಲಾ ವಾರ್ಷಿಕೋತ್ಸವದ ಊಟ ಎಲ್ಲದರಲ್ಲಿಯೂ ಅದೇ ಒಂದು ದಿನ ಬರುತ್ತದೆ.

ತುಂಗಾತೀರ
ಸಸ್ಯಾಹಾರ ಮಾಡಿಸಿದರೆ ಎಲ್ಲರೂ ಉಣ್ಣಬಹುದು ಎಂದವರಿಗೆ ಒಂದು ತಿದ್ದುಪಡಿ. ನಾವು ಮಾಧ್ವರು, ಚಾತುರ್ಮಾಸ್ಯದ ವ್ರತಗಳನ್ನು ಆಚರಿಸುತ್ತೇವೆ. ಮೊದಲ ತಿಂಗಳು ತರಕಾರಿ ಬಿಡುವ ಶಾಕ ವ್ರತ, ಆಮೇಲೆ ಮೊಸರು ಬಿಡುವ ದಧಿ ವ್ರತ, ಹಾಲು ಬಿಡುವ ಕ್ಷೀರ ವ್ರತ, ಕೊನೆಯ ತಿಂಗಳು ದ್ವಿದಳ ವ್ರತ. ಈ ಕೊನೆಯದು ಆಶ್ವಯುಜದಿಂದ ಕಾರ್ತಿಕ ಶುಕ್ಲದವರೆಗೆ ಇರುವುದರಿಂದ ಹೆಚ್ಚಿನ ವರ್ಷಗಳಲ್ಲಿ ನವೆಂಬರ್ 1 ಅದರೊಳಗೇ ಬೀಳುತ್ತದೆ. ಆ ತಿಂಗಳು ಬೇಳೆಕಾಳುಗಳು ನಿಷಿದ್ಧ. ಬಹುಬೀಜದ ತರಕಾರಿಗಳನ್ನೂ ಕೆಲವರು ಬಿಡುತ್ತಾರೆ. ಎಂದರೆ ತೊವ್ವೆ, ಹುಳಿ, ಬಿಸಿಬೇಳೆಭಾತ್, ವಡೆ, ಹೋಳಿಗೆ ಯಾವುದೂ ನಮ್ಮ ಎಲೆಗೆ ಬರುವಂತಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಹೇಗೂ ಇಲ್ಲ. ಆ ದಿನ ಏಕಾದಶಿ ಬಂದರೆ ಅನ್ನವೂ ಇಲ್ಲ.

ಇದನ್ನೆಲ್ಲ ಹೇಳಿದ್ದು ನನಗಾಗಿ ಬೇರೆ ಅಡುಗೆ ಮಾಡಿಸಿ ಎಂದು ಕೇಳುವುದಕ್ಕಲ್ಲ. ವ್ರತ ನನ್ನದು, ಕಷ್ಟವೂ ನನ್ನದೇ. ನಾನು ಮನೆಯಿಂದ ಡಬ್ಬಿ ತಂದು ನಿಮ್ಮೊಂದಿಗೆ ಕುಳಿತು ಉಣ್ಣುತ್ತೇನೆ. ನನಗೆ ಬೇಸರ ತರುವುದು ಬೇರೆಯೇ ಇದೆ: “ಸ್ವಲ್ಪ ರುಚಿ ನೋಡಿ, ಏನೂ ಆಗುವುದಿಲ್ಲ” ಎಂದು ಪ್ರತಿ ವರ್ಷ ಯಾರಾದರೂ ಸೌಟು ಹಿಡಿದು ನಿಲ್ಲುತ್ತಾರೆ. ಅದನ್ನು ದಯವಿಟ್ಟು ನಿಲ್ಲಿಸಿ.

ಬೆಳಗೊಳದವನು
ತುಂಗಾತೀರ ಮೇಡಂ ಅವರ ಕೊನೆಯ ಮಾತಿಗೆ ನನ್ನದೂ ಸಹಿ. ನಾನು ದಿಗಂಬರ ಜೈನ ಮನೆತನದವನು. ಕಾರ್ಯದರ್ಶಿಗಳು ಹೇಳಿದ ಮೊಸರನ್ನದ ಊಟ ನನಗೆ ಚೆನ್ನಾಗಿ ಪರಿಚಯವಿದೆ. ನಮ್ಮಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮಾತ್ರವಲ್ಲ, ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್ ಮುಂತಾಗಿ ನೆಲದಡಿ ಬೆಳೆಯುವ ಗೆಡ್ಡೆಗಳೆಲ್ಲ ವರ್ಜ್ಯ. ಅಂಥ ಗೆಡ್ಡೆಯೊಂದರಲ್ಲಿ ಅನಂತ ಜೀವಗಳು ಇರುತ್ತವೆ, ಕಿತ್ತರೆ ಅವೆಲ್ಲ ಸಾಯುತ್ತವೆ ಎಂಬುದು ಕಾರಣ. ಹಸಿ ಶುಂಠಿಯೂ ಗೆಡ್ಡೆಯೇ ಆದುದರಿಂದ ಒಣ ಶುಂಠಿ ಬಳಸುತ್ತೇವೆ. ಜೇನುತುಪ್ಪವಿಲ್ಲ, ಅತ್ತಿಹಣ್ಣಿಲ್ಲ, ಕತ್ತಲಾದ ಮೇಲೆ ಊಟವಿಲ್ಲ.

ಕೇಳಲು ಪಟ್ಟಿ ಉದ್ದವಾಗಿದೆ, ಆದರೆ ಅಡುಗೆಗೆ ಕಷ್ಟವೇನಿಲ್ಲ. ಬಾಳೆಕಾಯಿ ಪಲ್ಯ, ಹೀರೇಕಾಯಿ, ಪಡವಲಕಾಯಿ, ಬೂದುಗುಂಬಳ, ಸೌತೆಕಾಯಿಯಲ್ಲಿ ಒಂದು ಸಾರು, ಒಂದು ಪಲ್ಯ ಆದರೆ ಸಾಕು. ಅದನ್ನು ಎಲ್ಲರೂ ಉಣ್ಣಬಹುದು. ಇಂಗು ಹಾಕಿದರೆ ಈರುಳ್ಳಿಯ ಕೊರತೆ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ವಿಷಯ: ನವೆಂಬರಿನಲ್ಲಿ ಮೈಸೂರಿನಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಕಾರ್ಯಕ್ರಮವನ್ನು ಸಂಜೆಗೆ ತಳ್ಳಿ ರಾತ್ರಿ ಊಟ ಇಟ್ಟರೆ ನೀವು ಎಷ್ಟೇ ಅಚ್ಚುಕಟ್ಟಾಗಿ ಮಾಡಿಸಿದರೂ ನಮ್ಮ ಹಿರಿಯರು ಬರಲಾರರು.

ಹಾದಿಹೋಕ
ನಮ್ಮ ಕಚೇರಿಯಲ್ಲಿ ಒಬ್ಬ ಜೈನರು ಆಲೂಗಡ್ಡೆ ಬೋಂಡಾ ಚೆನ್ನಾಗಿಯೇ ತಿನ್ನುತ್ತಾರೆ. ನಿಯಮ ಎಂದರೆ ಎಲ್ಲರಿಗೂ ಒಂದೇ ಅಲ್ಲವೇ?

ಬೆಳಗೊಳದವನು
ಅಲ್ಲ. ಯಾರು ಎಷ್ಟು ವ್ರತ ಸ್ವೀಕರಿಸಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. ಅವರು ತಿನ್ನುತ್ತಾರೆ ಎಂಬುದನ್ನು ತೋರಿಸಿ ನನ್ನ ಅಜ್ಜಿಗೆ ಬೋಂಡಾ ಬಡಿಸುವುದೂ, ನನ್ನ ಅಜ್ಜಿಯನ್ನು ತೋರಿಸಿ ಅವರನ್ನು ಹಂಗಿಸುವುದೂ ಎರಡೂ ಸಲ್ಲದು.

ಮಸಾಲೆ ಅಂಗಡಿ
ನಾನು ಮುಸ್ಲಿಂ, ಊರು ಶಿವಮೊಗ್ಗ. ಹಲಾಲ್ ಎಂದರೆ ಪ್ರಾಣಿಯನ್ನು ಕೊಯ್ಯುವ ವಿಧಾನ ಮಾತ್ರ ಎಂದು ಹೆಚ್ಚಿನವರು ತಿಳಿದಿದ್ದಾರೆ. ನಮ್ಮ ಮಟ್ಟಿಗೆ ಅದು ಒಟ್ಟು ಊಟಕ್ಕೆ ಸಂಬಂಧಿಸಿದ್ದು. ನಿಮ್ಮ ಅನ್ನ, ಸಾರು, ಪಲ್ಯ, ಪಾಯಸ ನಮಗೆ ಹಲಾಲೇ. ಅದಕ್ಕೆ ಯಾರ ಪ್ರಮಾಣಪತ್ರವೂ ಬೇಡ. ಹಂದಿಮಾಂಸ, ಅದರ ಕೊಬ್ಬು, ರಕ್ತ, ಮದ್ಯ ಇವು ಇರಬಾರದು. ಮಾಂಸವಿದ್ದರೆ ಅಲ್ಲಾಹನ ಹೆಸರು ಹೇಳಿ ಕತ್ತು ಕೊಯ್ದು ರಕ್ತ ಹರಿದುಹೋಗುವಂತೆ ಮಾಡಿರಬೇಕು. ಅಷ್ಟೇ. ಮಕ್ಕಳಿಗೆ ಜೆಲ್ಲಿ ತರಿಸುವಾಗ ಜೆಲಾಟಿನ್ ಯಾವುದರಿಂದ ಆದದ್ದು ಎಂದು ನೋಡಿದರೆ ಸಂತೋಷ.

ಎಲ್ಲರೂ ಹಲಾಲ್ ಮಾಂಸವನ್ನೇ ತಿನ್ನಿ ಎಂದು ನಾನು ಎಂದೂ ಕೇಳಿದವನಲ್ಲ. ನನಗೆ ಬೇಕಾದದ್ದು ಒಂದೇ, ಕೇಳಿದಾಗ ನಿಜ ಹೇಳಬೇಕು. ಹಲಾಲ್ ಅಲ್ಲ ಎಂದರೆ ಅನ್ನ ಸಾರು ಉಂಡು ಹೋಗುತ್ತೇನೆ, ಮುನಿಸಿಲ್ಲ. ಹೌದೆಂದು ಹೇಳಿ ಬಡಿಸಿ, ಆಮೇಲೆ ಅಲ್ಲವೆಂದು ತಿಳಿದುಬಂದರೆ ಮಾತ್ರ ಮತ್ತೆ ಆ ಮನೆಯ ನೀರು ಕುಡಿಯಲೂ ಮನಸ್ಸು ಹಿಂಜರಿಯುತ್ತದೆ.

ಸಕ್ಕರೆ ನಾಡು
ಸಾಹೇಬರು ಸೌಮ್ಯವಾಗಿ ಹೇಳಿದ್ದಾರೆ, ಗೌರವವಿದೆ. ಆದರೆ ನಮ್ಮ ಕಡೆಯ ಮಾತನ್ನೂ ಕೇಳಿ. ಯುಗಾದಿಯ ಮರುದಿನ ಹೊಸತೊಡಕಿಗೆ ನಮ್ಮ ಊರಲ್ಲಿ ಗುಡ್ಡೆ ಬಾಡು ಹಾಕುತ್ತೇವೆ. ಹತ್ತಾರು ಮನೆಯವರು ದುಡ್ಡು ಸೇರಿಸಿ ಕುರಿ ತಂದು, ಊರ ಮುಂದೆ ಕಡಿದು, ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ದೇವರಿಗೆ ಬಿಟ್ಟ ಕುರಿಯನ್ನು ನಮ್ಮ ಪದ್ಧತಿಯಂತೆಯೇ ಕಡಿಯಬೇಕು. ಇನ್ನೊಂದು ದೇವರ ಹೆಸರು ಹೇಳಿ ಕೊಯ್ದದ್ದನ್ನು ನಾನು ತಿನ್ನುವುದಿಲ್ಲ ಎಂದರೆ ಅದೂ ಒಂದು ಆಹಾರ ನಿಯಮವೇ. ಜೈನರ ನಿಯಮಕ್ಕೆ, ಮಾಧ್ವರ ನಿಯಮಕ್ಕೆ ಇರುವ ಗೌರವ ನನ್ನದಕ್ಕೆ ಏಕೆ ಇಲ್ಲ? ಸಿಖ್ಖರ ನಡವಳಿಕೆಯ ಸಂಹಿತೆಯಾದ ರೆಹತ್ ಮರ್ಯಾದೆಯಲ್ಲಿಯೂ ಹಾಗೆ ಕೊಯ್ದ ಮಾಂಸ ನಿಷಿದ್ಧ.

ಹೇಮಾವತಿ
ಅಣ್ಣಾ, ನಾನೂ ಅದೇ ಸೀಮೆಯವಳು. ನಮ್ಮೂರಲ್ಲಿ ದೇವರ ಬಲಿ ಬಿಟ್ಟು ಉಳಿದ ಹಬ್ಬಗಳಿಗೆ ಕುರಿ ಕೊಯ್ಯಲು ಸಾಬರನ್ನೇ ಕರೆಯುತ್ತಿದ್ದರು, ಅವರಿಗೂ ಒಂದು ಪಾಲು ಹೋಗುತ್ತಿತ್ತು. ನಮ್ಮ ತಾತ ಅದನ್ನೇ ಉಂಡರು, ಯಾರೂ ಅದು ಯಾವ ಹೆಸರಿನಲ್ಲಿ ಎಂದು ಕೇಳಿದವರಿಲ್ಲ. 2022ರ ಮಾರ್ಚಿನಲ್ಲಿ ಹೊಸತೊಡಕಿನ ಹೊತ್ತಿಗೆ ಹಲಾಲ್ ಬಹಿಷ್ಕಾರದ ಕರೆ ಬಂದ ಮೇಲೆಯೇ ಈ ನಿಯಮ ನಮ್ಮೂರಲ್ಲಿ ಹುಟ್ಟಿದ್ದು.

ಸಕ್ಕರೆ ನಾಡು
ನಿಮ್ಮೂರಲ್ಲಿ ಹಾಗಿರಬಹುದು. ನಿಯಮ ಹಳೆಯದಾದರೆ ಮಾತ್ರ ಗೌರವ, ಹೊಸದಾದರೆ ಇಲ್ಲ ಎಂಬುದನ್ನು ನಿರ್ಧರಿಸುವವರು ಯಾರು?

ಹೇಮಾವತಿ
ಹಳೆಯದೋ ಹೊಸದೋ ಎಂಬುದು ನನ್ನ ಪ್ರಶ್ನೆಯಲ್ಲ. ನೀವು ತಿನ್ನದೆ ಇರುವುದಕ್ಕೆ ನನ್ನ ತಕರಾರಿಲ್ಲ. ಮಾರುವವನ ಅಂಗಡಿ ಮುಚ್ಚಿಸಬೇಕು ಎಂಬ ಕಡೆಗೆ ಅದು ತಿರುಗಿದಾಗ ಅದು ತಟ್ಟೆಯ ವಿಚಾರವಾಗಿ ಉಳಿಯುವುದಿಲ್ಲ. ಬೆಳಗೊಳದವರ ಅಜ್ಜಿ ಈರುಳ್ಳಿ ತಿನ್ನುವುದಿಲ್ಲ, ಆದರೆ ಈರುಳ್ಳಿ ಮಾರುವವರ ಗಾಡಿಯ ಮುಂದೆ ನಿಂತು ಬೇಡ ಎನ್ನುವುದಿಲ್ಲವಲ್ಲ.

ಬಡಾವಣೆ ಕಾರ್ಯದರ್ಶಿ
ದಯವಿಟ್ಟು ಊಟದ ಏರ್ಪಾಡಿಗೆ ಬನ್ನಿ. ಇಬ್ಬರ ನಿಯಮವನ್ನೂ ನಾನು ಒಪ್ಪಿಕೊಂಡೆ ಎಂದಿಟ್ಟುಕೊಳ್ಳಿ. ಹಾಗಾದರೆ ಎರಡು ಬಗೆಯ ಕುರಿಮಾಂಸ ತಂದು ಎರಡು ಕೊಪ್ಪರಿಗೆ ಇಡಬೇಕೇ?

ಕಡಲ ತಡಿ
ಎರಡು ಕೊಪ್ಪರಿಗೆ ಏಕೆ ಸ್ವಾಮಿ, ಮೀನು ತನ್ನಿ. ಮೀನಿಗೆ ಹಲಾಲ್ ಕೊಯ್ತದ ಅಗತ್ಯವೇ ಇಲ್ಲ, ನೀರಿನಿಂದ ತೆಗೆದದ್ದೇ ಸಾಕು. ಹಾಗಾಗಿ ಯಾರ ಹೆಸರಿನಲ್ಲಿ ಕೊಯ್ದದ್ದು ಎಂಬ ಜಗಳವೂ ಇಲ್ಲ. ಸೀಗಡಿ, ಏಡಿ ಮಾತ್ರ ಬೇಡ. ಮುಸ್ಲಿಮರಲ್ಲಿ ಹನಫಿ ಎಂಬ ಧರ್ಮಶಾಸ್ತ್ರ ಪದ್ಧತಿಯವರಲ್ಲಿ ಹಲವರು ಅದನ್ನು ತಿನ್ನುವುದಿಲ್ಲ. ನಮ್ಮ ಕರಾವಳಿಯ ಬ್ಯಾರಿಗಳು ಶಾಫಿ ಪದ್ಧತಿಯವರಾದುದರಿಂದ ಅವರಿಗೆ ಆ ತೊಡಕಿಲ್ಲ, ಆದರೆ ಮೈಸೂರು ಕಡೆ ಹನಫಿಗಳೇ ಹೆಚ್ಚು.

ನಾನು ಮಂಗಳೂರಿನ ಕಥೋಲಿಕ. ಮಾಂಸ ತಿನ್ನುವವರು ಎಂದು ನಮ್ಮನ್ನು ಒಂದು ಗುಂಪಿಗೆ ಸೇರಿಸುವವರಿಗೆ ಇನ್ನೊಂದು ಮಾತು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ನಮ್ಮ ಮನೆಗಳಲ್ಲಿ ಹೊಸ ಅಕ್ಕಿಯ ಊಟ ಬಾಳೆಲೆಯ ಮೇಲೆ, ಪೂರ್ತಿ ಸಸ್ಯಾಹಾರ. ಪಲ್ಯಗಳ ಸಂಖ್ಯೆ ಬೆಸವಾಗಿರಬೇಕು ಎಂಬ ಶಾಸ್ತ್ರವೂ ಇದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಾಂಸವಿಲ್ಲ. ನಮ್ಮ ನೆರೆಯ ಬಂಟರ, ಬಿಲ್ಲವರ ಮನೆಗಳಲ್ಲಿ ಸೋಮವಾರವೋ ಶನಿವಾರವೋ ಮೀನು ತರುವುದಿಲ್ಲ. ಎಲ್ಲರೂ ಯಾವುದೋ ಒಂದು ದಿನ ಏನನ್ನೋ ಬಿಡುವವರೇ.

ಸರಳ ಸಂಗತಿ
ಮೀನಿನ ವಾಸನೆಗೆ ಜೈನರೂ ಬ್ರಾಹ್ಮಣರೂ ಪಂಕ್ತಿ ಬಿಟ್ಟು ಓಡುತ್ತಾರೆ. ಒಳ್ಳೆಯ ಪರಿಹಾರ!

ತುಂಗಾತೀರ
ನನ್ನ ಪರವಾಗಿ ನೀವು ಓಡುವುದು ಬೇಡ. ಗಾಳಿ ಬರುವ ದಿಕ್ಕಿನಲ್ಲಿ ನಮ್ಮನ್ನು ಕೂರಿಸಿದರೆ ಸಾಕು.

ಬೆಳಗೊಳದವನು
ನನಗೂ ಮೀನಿನ ವಾಸನೆ ಆಗುವುದಿಲ್ಲ ಎಂಬುದು ನಿಜ, ಅದನ್ನು ಮುಚ್ಚಿಡಲಾರೆ. ಅಜ್ಜಿಗಂತೂ ಆಗುವುದೇ ಇಲ್ಲ. ಅಡುಗೆ ಎಲ್ಲಿ ನಡೆಯುತ್ತದೆ, ಬಡಿಸುವುದು ಎಲ್ಲಿ ಎಂದು ಮೊದಲೇ ತಿಳಿಸಿದರೆ ಅವರನ್ನು ಕರೆತರಬೇಕೋ ಬೇಡವೋ ಎಂದು ನಾವೇ ತೀರ್ಮಾನಿಸುತ್ತೇವೆ. ನಾವು ಬರುವುದಿಲ್ಲ ಎಂಬ ಬೆದರಿಕೆಯನ್ನು ಮಾತ್ರ ಯಾರೂ ನಮ್ಮ ಹೆಸರಿನಲ್ಲಿ ಹಾಕಬೇಡಿ.

ಕಾಫಿ ತೋಟ
ಕೊಡಗಿನಿಂದ ಬಂದವನು ನಾನು. ಕೈಲ್‌ಪೊಳ್ದ್ ಹಬ್ಬಕ್ಕೆ ಪಂದಿ ಕರಿ ಇಲ್ಲದೆ ನಮಗೆ ಹಬ್ಬವಾಗುವುದಿಲ್ಲ. ಆದರೂ ಬಡಾವಣೆಯ ಊಟಕ್ಕೆ ಅದನ್ನು ತರಬೇಕೆಂದು ನಾನು ಎಂದೂ ಕೇಳಿಲ್ಲ, ಕೇಳುವುದೂ ಇಲ್ಲ. ಬಿಟ್ಟುಕೊಡುವುದರಲ್ಲಿ ನನಗೆ ಅವಮಾನವಿಲ್ಲ. ಆದರೆ ಹಂದಿಯ ಮಾತೆತ್ತಿದ ಕೂಡಲೇ ಮೂಗು ಮುರಿಯುವವರಲ್ಲಿ ಮಾಂಸಾಹಾರಿಗಳೇ ಹೆಚ್ಚು ಎಂಬುದನ್ನು ಕೋಲಾರದವರು ಗಮನಿಸಲಿ. ಕೀಳರಿಮೆ ಹುಟ್ಟಿಸುವ ಕೆಲಸ ಸಸ್ಯಾಹಾರಿಗಳದು ಮಾತ್ರವಲ್ಲ.

ಕೋಲಾರದ ಕಣಜ
ಸರಿಯಾದ ಮಾತು. ದನದ ಮಾಂಸದ ಮಾತೆತ್ತಿದರೆ ಇನ್ನೂ ಹೆಚ್ಚು ಜನ ಮೂಗು ಮುರಿಯುತ್ತಾರೆ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ನಡೆಸಿದಾಗ ಈಳವ ಜಾತಿಯವರು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಪುಲಯರೊಂದಿಗೆ ಕುಳಿತು ಉಂಡರು. ಅಯ್ಯಪ್ಪನ್ ಸ್ವತಃ ಈಳವರು, ಅವರನ್ನು ಹೊರಗಿಟ್ಟು ಹಂಗಿಸಿದವರೂ ಅವರ ಸಮುದಾಯದವರೇ. ಅಲ್ಲಿ ಎಲೆಯ ಮೇಲೆ ಏನು ಬಡಿಸಿದರು ಎಂಬುದು ಯಾರನ್ನೂ ಕಾಡಲಿಲ್ಲ, ಪಕ್ಕದ ಎಲೆಯ ಮುಂದೆ ಯಾರು ಕುಳಿತಿದ್ದಾರೆ ಎಂಬುದು ಕಾಡಿತು. ಹಾಗಾಗಿ ನನಗೆ ಭಯವಿರುವುದು ಬೇರೆ ಬೇರೆ ಅಡುಗೆಯ ನೆಪದಲ್ಲಿ ಬೇರೆ ಬೇರೆ ಪಂಕ್ತಿ ಬಂದುಬಿಡುತ್ತದೆ ಎಂಬುದರ ಬಗ್ಗೆ. ಸಸ್ಯಾಹಾರಿಗಳು ಗಾಳಿ ಬರುವ ಕಡೆ, ಉಳಿದವರು ಗಾಳಿ ಹೋಗುವ ಕಡೆ ಎಂದರೆ ನಾವು ಕೊನೆಗೆ ತಲುಪುವುದು ಎಲ್ಲಿಗೆ ಎಂದು ಎಲ್ಲರಿಗೂ ಗೊತ್ತಿದೆ.

ಬಡಾವಣೆ ಕಾರ್ಯದರ್ಶಿ
ಇದು ನನಗೆ ಹೊಳೆದಿರಲಿಲ್ಲ. ಒಲೆ ಬೇರೆ ಇರಲಿ, ಕೂರುವುದು ಬೇರೆ ಆಗಬಾರದು ಎಂದು ಬರೆದುಕೊಂಡಿದ್ದೇನೆ.

ಸಿಂಗಪುರದಿಂದ
ಇಲ್ಲಿ ಬೀದಿ ಊಟದ ಕೇಂದ್ರಗಳಲ್ಲಿ ಒಂದೇ ಸೂರಿನಡಿ ಚೀನೀಯರ ಹಂದಿಮಾಂಸದ ಅಂಗಡಿ, ಮಲಯರ ಹಲಾಲ್ ಅಂಗಡಿ, ನಮ್ಮವರ ದೋಸೆ ಅಂಗಡಿ ಅಕ್ಕಪಕ್ಕದಲ್ಲಿ ಇರುತ್ತವೆ. ಜನ ಎಲ್ಲಿ ಬೇಕಾದರೂ ಕೊಂಡು ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಬೇರೆಯಾಗುವುದು ಉಂಡ ಮೇಲೆ: ತಟ್ಟೆ ಹಿಂದಿರುಗಿಸುವ ಕಪಾಟುಗಳು ಎರಡು, ಒಂದು ಹಲಾಲ್ ತಟ್ಟೆಗಳಿಗೆ, ಇನ್ನೊಂದು ಉಳಿದವಕ್ಕೆ. ತೊಳೆಯುವಾಗ ಬೆರೆಯಬಾರದು ಎಂಬುದಕ್ಕಾಗಿ. ಹಲಾಲ್ ಪ್ರಮಾಣಪತ್ರವನ್ನು ಇಲ್ಲಿನ ಇಸ್ಲಾಮಿಕ್ ಧಾರ್ಮಿಕ ಮಂಡಳಿಯೇ 1978ರಿಂದ ಕೊಡುತ್ತಿದೆ. ಹಾಗಾಗಿ ಮುಸ್ಲಿಂ ಗೆಳೆಯರು ಅಂಗಡಿಯವನನ್ನು ವಿಚಾರಣೆ ಮಾಡಬೇಕಾಗಿಲ್ಲ, ಅಂಗಡಿಯವನು ಪ್ರಮಾಣ ಮಾಡಬೇಕಾಗಿಲ್ಲ. ಕೋಲಾರದವರ ಭಯಕ್ಕೆ ಇದು ಉತ್ತರವಾಗಬಹುದು. ಪಾತ್ರೆಯನ್ನು ಬೇರ್ಪಡಿಸಿದರೆ ಮನುಷ್ಯರನ್ನು ಬೇರ್ಪಡಿಸುವ ಅಗತ್ಯ ಬೀಳುವುದಿಲ್ಲ.

ಸಕ್ಕರೆ ನಾಡು
ಅಲ್ಲಿ ಸರ್ಕಾರ ದಂಡ ಹಾಕುತ್ತದೆ, ಜನ ಪಾಲಿಸುತ್ತಾರೆ. ನಮ್ಮಲ್ಲಿ ಎರಡು ಸೌಟು ಇಟ್ಟರೆ ಅರ್ಧ ಗಂಟೆಯಲ್ಲಿ ಎರಡೂ ಒಂದೇ ಪಾತ್ರೆಯಲ್ಲಿ ಇರುತ್ತವೆ.

ಹಸಿರು ಚುಕ್ಕೆ
ಕೊಂಡು ತರುವ ತಿನಿಸುಗಳ ಬಗ್ಗೆ ಒಂದು ಮಾಹಿತಿ. ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ಚುಕ್ಕೆ ಇದ್ದರೆ ಮಾಂಸಾಹಾರ. ಮೊಟ್ಟೆ ಹಾಕಿದ ಕೇಕು ಎರಡನೆಯದಕ್ಕೆ ಸೇರುತ್ತದೆ. ಆದರೆ ಹಾಲು, ಜೇನುತುಪ್ಪ ಎರಡೂ ಕಾನೂನಿನ ಪ್ರಕಾರ ಸಸ್ಯಾಹಾರವೇ, ಹಾಗಾಗಿ ಜೇನು ಹಾಕಿದ ತಿಂಡಿಗೆ ಹಸಿರು ಚುಕ್ಕೆ ಇರುತ್ತದೆ, ಅದು ಜೈನರಿಗೆ ಸಲ್ಲುವುದಿಲ್ಲ. ಈರುಳ್ಳಿ ಪುಡಿಯ ವಿಷಯವೂ ಅಷ್ಟೇ. ಹಸಿರು ಚುಕ್ಕೆಯನ್ನು ನಂಬಿ ಎಲ್ಲರಿಗೂ ಹಂಚಬೇಡಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ.

ಮಸಾಲೆ ಅಂಗಡಿ
ಚಿಕ್ಕ ತಿದ್ದುಪಡಿ. ಮಾಂಸಾಹಾರದ ಗುರುತು ಈಗ ಚುಕ್ಕೆಯಲ್ಲ, ಕಂದು ಚೌಕದೊಳಗಿನ ಕಂದು ತ್ರಿಕೋನ. 2020ರ ನಿಯಮಾವಳಿಯಲ್ಲಿ ಬದಲಾಯಿಸಿದರು. ಬಣ್ಣ ಗುರುತಿಸಲಾರದವರಿಗೆ ಹಸಿರು ಕಂದು ಎರಡೂ ಒಂದೇ ರೀತಿ ಕಾಣುತ್ತಿದ್ದವು; ಆಕಾರ ಬೇರೆಯಾದದ್ದು ಒಳ್ಳೆಯದೇ ಆಯಿತು. ಗುಲಾಬಿ ಬಣ್ಣದ ಮಿಠಾಯಿಗಳಲ್ಲಿ 120 ಎಂಬ ಸಂಖ್ಯೆ ಇದ್ದರೆ ಅದು ಕೀಟದಿಂದ ತೆಗೆದ ಬಣ್ಣ ಎಂಬುದನ್ನೂ ಸೇರಿಸುತ್ತೇನೆ.

ವಿಮಾನದ ಊಟ
ಹೆಸರುಗಳನ್ನು ನಂಬಬೇಡಿ ಎಂಬುದಕ್ಕೆ ನನ್ನದೊಂದು ಅನುಭವ. ವಿದೇಶ ಪ್ರಯಾಣಕ್ಕೆ ಟಿಕೆಟ್ ಕಾಯ್ದಿರಿಸುವಾಗ ಊಟದ ಪಟ್ಟಿಯಲ್ಲಿ “ಹಿಂದೂ ಊಟ” ಎಂದಿತ್ತು, ನಮ್ಮತ್ತೆಗೆ ಅದನ್ನೇ ಆರಿಸಿದೆ. ತಟ್ಟೆ ತೆರೆದರೆ ಕೋಳಿ! ಆ ಊಟದಲ್ಲಿ ದನದ ಮಾಂಸ ಇರುವುದಿಲ್ಲ ಎಂಬುದಷ್ಟೇ ಖಾತ್ರಿ. ಸಸ್ಯಾಹಾರಕ್ಕೂ ಜೈನ ಊಟಕ್ಕೂ ಬೇರೆಯೇ ಸಂಕೇತಗಳಿವೆ. ಅತ್ತೆಯವರು ಹಣ್ಣು ತಿಂದು ದಿನ ಕಳೆದರು, ಸೊಸೆಯೊಂದಿಗೆ ಮಾತು ಮಾತ್ರ ಸ್ವಲ್ಪ ಕಡಿಮೆಯಾಯಿತು.

ಕಪ್ಪು ಕೋಟು
ಕಾನೂನಿನ ಮಗ್ಗುಲಿನಿಂದ ಎರಡು ಮಾತು. ಅಹಮದಾಬಾದಿನಲ್ಲಿ ಜೈನರ ಪರ್ಯೂಷಣ ಪರ್ವದ ಒಂಬತ್ತು ದಿನ ಕಸಾಯಿಖಾನೆ ಮುಚ್ಚಬೇಕೆಂಬ ನಗರಾಡಳಿತದ ನಿರ್ಣಯವನ್ನು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಎತ್ತಿಹಿಡಿಯಿತು. ಅಕ್ಬರನು ಜೈನರ ಮನವಿಗೆ ಓಗೊಟ್ಟದ್ದನ್ನೂ ಆ ತೀರ್ಪು ನೆನೆಯಿತು. ಕೆಲವೇ ದಿನಗಳ ನಿರ್ಬಂಧ ಅತಿಯಾದದ್ದಲ್ಲ ಎಂಬುದು ಅದರ ತಿರುಳು. ಬೆಂಗಳೂರಿನಲ್ಲಿಯೂ ಗಾಂಧಿ ಜಯಂತಿ, ಮಹಾವೀರ ಜಯಂತಿ, ರಾಮನವಮಿಯಂಥ ದಿನಗಳಲ್ಲಿ ಮಾಂಸ ಮಾರಾಟ ನಿಷೇಧಿಸುವ ಆದೇಶಗಳು ಹೊರಡುತ್ತವೆ. ಆ ತೀರ್ಪಿನ ತರ್ಕ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಮಾರುವವನ ಒಂಬತ್ತು ದಿನದ ಕೂಲಿಯನ್ನು ಯಾರ ಗೌರವದ ಲೆಕ್ಕಕ್ಕೆ ಬರೆಯಬೇಕು ಎಂಬುದು ಅಲ್ಲಿ ಇತ್ಯರ್ಥವಾಗಲಿಲ್ಲ ಎಂದೇ ನನ್ನ ಅಭಿಪ್ರಾಯ. ಅದೇನೇ ಇರಲಿ, ಅದು ನಗರಾಡಳಿತದ ಅಧಿಕಾರದ ಪ್ರಶ್ನೆ. ನಿವಾಸಿಗಳ ಸಂಘವು ಒಂದು ಊಟಕ್ಕೆ ಏನು ಮಾಡಿಸಬೇಕು ಎಂಬುದಕ್ಕೆ ಅದನ್ನು ಎಳೆದು ತರಬೇಡಿ.

ಹಾದಿಹೋಕ
ದುಬೈಯಲ್ಲಿ ರಂಜಾನಿನ ಹಗಲು ಹೋಟೆಲುಗಳು ಪರದೆ ಎಳೆದುಕೊಳ್ಳಬೇಕಿತ್ತು. ಅಂಥ ನಿರ್ಬಂಧದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮಸಾಲೆ ಅಂಗಡಿ
2021ರಲ್ಲಿ ಆ ಪರದೆಯನ್ನು ಕಡ್ಡಾಯ ಪಟ್ಟಿಯಿಂದ ತೆಗೆದರು. ನಮ್ಮಣ್ಣ ಅಲ್ಲಿಯೇ ಕೆಲಸ ಮಾಡುತ್ತಾನೆ. ಎದುರಿಗೆ ಯಾರಾದರೂ ಚಹಾ ಕುಡಿದರೆ ತನ್ನ ಉಪವಾಸ ಕೆಡುವುದಿಲ್ಲ ಎಂದು ನಗುತ್ತಾನೆ. 2017ರ ರಂಜಾನಿನಲ್ಲಿ ಪೇಜಾವರ ಶ್ರೀ ವಿಶ್ವೇಶತೀರ್ಥರು ಉಡುಪಿಯ ಕೃಷ್ಣಮಠದಲ್ಲಿ ಇಫ್ತಾರ್ ಏರ್ಪಡಿಸಿದ್ದರು. ಮಠ ತನ್ನ ನಿಯಮ ಬಿಡಲಿಲ್ಲ, ಹಣ್ಣು ಖರ್ಜೂರ ಕೊಟ್ಟಿತು. ಹೋದವರು ತಮ್ಮ ನಿಯಮ ಬಿಡಲಿಲ್ಲ, ಹೊತ್ತು ಮುಳುಗಿದ ಮೇಲೆ ಉಪವಾಸ ಮುರಿದರು. ಅದಕ್ಕೂ ಟೀಕೆ ಬಂದಿತು, ಆದರೆ ಊಟದ ಲೆಕ್ಕದಲ್ಲಿ ಹೇಳುವುದಾದರೆ ಅದರಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ.

ಕೊಪ್ಪರಿಗೆ
ನಾನು ಅಡುಗೆ ಗುತ್ತಿಗೆಯವನು, ಮದುವೆ ಮುಂಜಿ ಎಲ್ಲಕ್ಕೂ ಹೋಗುತ್ತೇನೆ. ಇಷ್ಟು ಹೊತ್ತು ಓದಿದೆ, ಈಗ ಕೆಲಸದ ಮಾತು ಹೇಳುತ್ತೇನೆ. ತೊಂದರೆ ಆಗುವುದು ಪದಾರ್ಥದಲ್ಲಿ ಅಲ್ಲ, ಎಣ್ಣೆಯಲ್ಲಿ. ಮೀನು ಕರಿದ ಬಾಣಲೆಯಲ್ಲಿಯೇ ಹಪ್ಪಳ ಕರಿಯುವ ಹುಡುಗರನ್ನು ನಾನು ಎಷ್ಟೋ ಸಲ ಬೈದಿದ್ದೇನೆ. ಆದುದರಿಂದ ಮೊದಲು ಜೈನ ಅಡುಗೆ, ಆಮೇಲೆ ಈರುಳ್ಳಿ ಹಾಕಿದ ಅಡುಗೆ, ಎಲ್ಲ ಮುಚ್ಚಿಟ್ಟ ಮೇಲೆ ಹೊರಗೆ ಬೇರೆ ಒಲೆಯಲ್ಲಿ ಮೀನು. ಪಾತ್ರೆ ಬೇರೆ, ಮಣೆ ಬೇರೆ, ಚಾಕು ಬೇರೆ. ಮೀನು ಬಡಿಸುವವನು ಬೇರೆ ಯಾವ ಸೌಟನ್ನೂ ಮುಟ್ಟಬಾರದು. ಸಕ್ಕರೆ ನಾಡಿನವರು ಹೇಳಿದ ಗೊಂದಲ ಅಲ್ಲಿಗೆ ತಪ್ಪುತ್ತದೆ, ಏಕೆಂದರೆ ಸೌಟು ತಪ್ಪುವುದು ಕೈ ಬದಲಾದಾಗ. ಪ್ರತಿ ಪಾತ್ರೆಯ ಮುಂದೆ ಒಂದು ರಟ್ಟಿನ ಮೇಲೆ ಏನೇನು ಹಾಕಿದೆ ಎಂದು ಕನ್ನಡದಲ್ಲಿ ಬರೆದು ನಿಲ್ಲಿಸಿ. ಬಾಯಿಮಾತಿನಲ್ಲಿ ಕೇಳಲು ಜನ ಸಂಕೋಚಪಡುತ್ತಾರೆ, ರಟ್ಟು ಓದಲು ಸಂಕೋಚವಿಲ್ಲ.

ಮೀನನ್ನು ಕರಿಯಬೇಡಿ, ಸಾರು ಮಾಡಿಸಿ, ವಾಸನೆ ಕಡಿಮೆ. ಬಂಗುಡೆ ಬೇಡ. ಕೆರೆಯ ಕಾಟ್ಲಾ ಮೈಸೂರಿನಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಮುಳ್ಳು; ಮಕ್ಕಳಿಗೆ ಬಡಿಸುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು.

ಸಕ್ಕರೆ ನಾಡು
ಕೆಲಸ ಗೊತ್ತಿರುವವರ ಮಾತು ಹೀಗಿರುತ್ತದೆ. ಮೀನಿಗೆ ನನ್ನ ಒಪ್ಪಿಗೆ. ಹಲಾಲ್ ಕುರಿಯ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಸರಳ ಸಂಗತಿ
ಹಣದ ಮಾತು ಯಾರೂ ಎತ್ತಲಿಲ್ಲ. ಸಂಘದ ವಂತಿಗೆಯಲ್ಲಿ ಮೀನು ತಂದರೆ, ಅಹಿಂಸೆಯನ್ನು ವ್ರತವಾಗಿ ಹಿಡಿದವರ ದುಡ್ಡಿನಲ್ಲಿ ಪ್ರಾಣಿಹತ್ಯೆ ಮಾಡಿಸಿದಂತಾಗುತ್ತದೆ. ಅದು ಅವರ ನಿಯಮಕ್ಕೆ ಧಕ್ಕೆಯಲ್ಲವೇ?

ಬೆಳಗೊಳದವನು
ಈ ಒಂದು ಮಾತನ್ನು ನಾನು ಒಪ್ಪುತ್ತೇನೆ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಮೂರೂ ನಮ್ಮಲ್ಲಿ ಹಿಂಸೆಯ ಲೆಕ್ಕಕ್ಕೇ ಬರುತ್ತವೆ. ಪಕ್ಕದವರು ಉಣ್ಣುವುದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಅದಕ್ಕೆ ನನ್ನ ಹಣ ಹೋಗುವುದು ಬೇಡ.

ಕೋಲಾರದ ಕಣಜ
ಇದು ನ್ಯಾಯವಾಗಿದೆ. ಮೀನು ಉಣ್ಣುವ ಮನೆಯವರೇ ಬೇರೆಯಾಗಿ ಹಣ ಸೇರಿಸೋಣ. ಹಾಗೆಯೇ ಸಸ್ಯಾಹಾರದ ಖರ್ಚಿನಲ್ಲಿ ನಮ್ಮ ಪಾಲು ಇದ್ದೇ ಇರುತ್ತದೆ, ಅದಕ್ಕೆ ನಮ್ಮ ತಕರಾರಿಲ್ಲ.

ಬಡಾವಣೆ ಕಾರ್ಯದರ್ಶಿ
ಸಭೆಯ ಮುಂದೆ ಹೀಗೆ ಇಡುತ್ತೇನೆ. ಊಟ ಮಧ್ಯಾಹ್ನ ಒಂದು ಗಂಟೆಗೆ, ಒಂದೇ ಪಂಕ್ತಿ. ಸಂಘದ ಹಣದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳಿಲ್ಲದ ಒಂದು ಅಡುಗೆ ಎಲ್ಲರಿಗೂ: ಬಾಳೆಕಾಯಿ ಪಲ್ಯ, ಹೀರೇಕಾಯಿ ಸಾರು, ಬೂದುಗುಂಬಳದ ಮಜ್ಜಿಗೆ ಹುಳಿ, ಮೊಸರುವಡೆ, ಶಾವಿಗೆ ಪಾಯಸ. ಬೇಕೆನ್ನುವವರು ಪ್ರತ್ಯೇಕವಾಗಿ ಸೇರಿಸಿದ ಹಣದಲ್ಲಿ ಹೊರಗಿನ ಒಲೆಯಲ್ಲಿ ಮೀನು ಸಾರು, ಬಡಿಸಲು ಒಬ್ಬನೇ ಹುಡುಗ. ಎಲ್ಲ ಪಾತ್ರೆಗೂ ರಟ್ಟು. ಮನೆಯಿಂದ ಡಬ್ಬಿ ತರುವವರಿಗೂ ಎಲೆ ಹಾಕಲಾಗುವುದು, ಒತ್ತಾಯ ಮಾಡುವಂತಿಲ್ಲ.

ಸರಳ ಸಂಗತಿ
ನನ್ನ ಮತ ಈಗಲೂ ಒಂದೇ ಅಡುಗೆಗೆ. ಸಭೆಯಲ್ಲಿ ಅದನ್ನೇ ಹೇಳುತ್ತೇನೆ.

ತುಂಗಾತೀರ
ಕಾರ್ಯದರ್ಶಿಗಳೇ, ಮಜ್ಜಿಗೆ ಹುಳಿಗೆ ಕಡಲೆಬೇಳೆ ನೆನೆಸಿ ಅರೆಯುತ್ತಾರೆ, ರಟ್ಟಿನ ಮೇಲೆ ಅದನ್ನು ಮರೆಯದೆ ಬರೆಸಿ. ಬೇಳೆಯ ಬದಲು ಅಕ್ಕಿ, ಕಾಯಿ ಅರೆದು ಹಾಕಿದರೆ ನನ್ನಂಥವರೂ ಒಂದು ಸೌಟು ಹಾಕಿಸಿಕೊಳ್ಳಬಹುದು.

ಬೆಳಗೊಳದವನು
ಮೊಸರುವಡೆಯನ್ನು ಪಟ್ಟಿಯಿಂದ ತೆಗೆದುಬಿಡಿ. ಕಾಯಿಸದ ಮೊಸರನ್ನು ಬೇಳೆಯ ಪದಾರ್ಥದೊಂದಿಗೆ ಬೆರೆಸುವುದು ನಮ್ಮಲ್ಲಿಯೂ ನಿಷಿದ್ಧ, ವಡೆಯಂತೂ ಮೇಡಂ ಅವರಿಗೆ ಮೊದಲೇ ಇಲ್ಲ.

ಕೊಪ್ಪರಿಗೆ
ಮೊಸರುವಡೆಯ ಬದಲು ಅಕ್ಕಿ ಹಿಟ್ಟಿನ ಕೋಡುಬಳೆ ಮಾಡಿಸಿ, ಅದು ನಿಮ್ಮಿಬ್ಬರಿಗೂ ಆಗುತ್ತದೆ. ಹುರಿಗಡಲೆ ಪುಡಿ ಸೇರಿಸಬೇಡಿ ಎಂದು ಅಡುಗೆಯವರಿಗೆ ಮೊದಲೇ ಹೇಳಿ. ಹೇಳದಿದ್ದರೆ ಕೈ ತಾನಾಗಿಯೇ ಹಾಕಿಬಿಡುತ್ತದೆ.